ಹೆಬ್ಬೆಟ್ಟು

ಒಂಬತ್ತೂವರೆಗೆ ಸರ್ವರ್ ಬಂತು. ರೇಷನ್ ಅಂಗಡಿ ಬಾಗಿಲಿಗೆ
ಊದುಬತ್ತಿ ಸಿಕ್ಕಿಸಿದೆ, ಮಿಷಿನ್ನಿಗೂ ಒಂದು ಸುತ್ತು ಹೊಗೆ ತೋರಿಸಿದೆ:
ಎರಡು ದಿನದಿಂದ ಮುನಿಸಿಕೊಂಡಿತ್ತು.
ಸಾಲಿನಲ್ಲಿ ನಾಲ್ಕನೆಯವಳು ಖೈರುನ್‌ಬಿ,
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯವಳು,
ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡವಳು.

ಬಲಗೈ ಹೆಬ್ಬೆಟ್ಟು. ಕೆಂಪು ದೀಪ.
ಒರೆಸಿ, ಮತ್ತೆ. ಕೆಂಪು.
ತಲೆಗೆ ಉಜ್ಜು ಅಂದೆ, ಎಣ್ಣೆ ಹತ್ತಲಿ. ಉಜ್ಜಿದಳು.
ತೋರುಬೆರಳು, ನಡುಬೆರಳು, ಉಂಗುರವಿಲ್ಲದ ಉಂಗುರಬೆರಳು,
ಎಡಗೈಯ ಐದೂ.
"ಹೊಂದಾಣಿಕೆಯಾಗಿಲ್ಲ" ಅಂದಳು ಮಿಷಿನ್ನಿನೊಳಗಿನ ಹೆಂಗಸು
ಹತ್ತು ಸಲ, ಒಂದೇ ದನಿಯಲ್ಲಿ, ಬೇಸರವಿಲ್ಲದೆ.

ಮೂವತ್ತೊಂದು ವರ್ಷ ಆ ಬೆರಳುಗಳು
ಕುದಿನೀರಿನಲ್ಲಿ ಗೂಡಿನ ತುದಿ ಹುಡುಕಿವೆ.
ಕಣ್ಣಿಗೆ ಸಿಗದ ಎಳೆ, ಬೆರಳಿಗೆ ಮಾತ್ರ ಕಾಣುವುದು.
ಎಂಟು ಗೂಡಿನ ಎಂಟು ಎಳೆ ಕೂಡಿಸಿ
ಒಂದು ನೂಲು ಮಾಡಿ ಚಕ್ರಕ್ಕೆ ಕಳಿಸುವಾಗ
ತನ್ನ ಗೆರೆಗಳನ್ನೂ ಸೇರಿಸಿ ಕಳಿಸಿರಬೇಕು.
ಯಾರದೋ ಧಾರೆ ಸೀರೆಯ ಸೆರಗಿನಲ್ಲಿ
ಈ ಹೆಬ್ಬೆಟ್ಟಿನ ಸುರುಳಿ ಇದ್ದೀತು;
ಮಿಷಿನ್ನು ಅಲ್ಲಿಗೆ ಹೋಗಿ ಕೇಳಬೇಕು.

ಒಂದು ಕಾಲಕ್ಕೆ ಈ ಊರಲ್ಲಿ ಅದೊಂದು ಬೈಗುಳ:
"ಹೋಗೇ, ಹೆಬ್ಬೆಟ್ಟು!"
ಸಹಿ ಬಲ್ಲವರು ಪೆನ್ನು ಜೇಬಿಗೆ ಸಿಕ್ಕಿಸಿ ನಗುತ್ತಿದ್ದರು.
ಈಗ ಪೆನ್ಷನ್ ಮೇಷ್ಟ್ರು, ಬ್ಯಾಂಕಿನ ಮ್ಯಾನೇಜರು,
ತಾಲ್ಲೂಕಾಫೀಸಿನ ಅಷ್ಟೂ ಜನ ಬೆಳಗಾದರೆ
ಗೋಡೆಗೆ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುತ್ತಾರೆ.
ಎಲ್ಲರೂ ಹೆಬ್ಬೆಟ್ಟುಗಳಾಗುವ ಹೊತ್ತಿಗೆ
ಇವಳೊಬ್ಬಳ ಹೆಬ್ಬೆಟ್ಟು ತೀರಿಹೋಯಿತು.

ಊರಾಚೆ ಬೈಪಾಸಿನಲ್ಲಿ ಆಟೋಮ್ಯಾಟಿಕ್ ಬಂದಿದೆ:
ನಾನೂರು ನೂಲು ಒಟ್ಟಿಗೆ, ನಾಲ್ಕೇ ಹುಡುಗಿಯರು,
ಎಳೆ ತುಂಡಾದರೆ ತಾನೇ ನಿಂತು ತಾನೇ ಕರೆಯುತ್ತದಂತೆ.
ಮಾಲೀಕ ತಬ್ರೇಜ್ ಪಾಷಾ ಕೆಟ್ಟವನಲ್ಲ.
ಬೇಸಿನ್ನಿನ ಹನ್ನೆರಡು ಹೆಂಗಸರಿಗೂ ಬಿರಿಯಾನಿ ಹಾಕಿಸಿ
ಕೈಗೊಂದು ಕವರು ಕೊಟ್ಟು ಕಳಿಸಿದ.
ಅವನ ಫೋನು ಅವನ ಮುಖ ನೋಡಿದರೆ ಸಾಕು, ತೆರೆದುಕೊಳ್ಳುತ್ತದೆ.

ನಮ್ಮಪ್ಪ ಕೆಂಪು ಬಾವುಟದವನು.
ಬಾಗೇಪಲ್ಲಿ ಕಡೆಯಿಂದ ಭಾಷಣಕಾರರನ್ನು ಕರೆಸಿ
ಬಸ್ ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿಸುತ್ತಿದ್ದ.
ಕರಪತ್ರ ಮಡಿಸುವುದು ನನ್ನ ಪಾಲು, ನೂರಕ್ಕೊಂದು ಬನ್ನು.
ಖೈರುನ್‌ಬಿಯೂ ಬರುತ್ತಿದ್ದಳು, ಹುಳದ ವಾಸನೆ ಹೊತ್ತು,
ಎಲ್ಲರ ಜತೆ ಮುಷ್ಟಿ ಎತ್ತುತ್ತಿದ್ದಳು.
ಮುಷ್ಟಿ ಕಟ್ಟಿದಾಗ ಬೆರಳ ತುದಿ ಒಳಗೇ ಉಳಿಯುತ್ತದೆ.
ಅಪ್ಪನೂ ನೋಡಲಿಲ್ಲ,
"ಶ್ರಮಿಕರ ಕೈ" ಎಂದು ಅಷ್ಟು ಸಲ ಅಂದವನು.

ಆಮೇಲೆ ಬೇರೆ ಬೇರೆ ಬಣ್ಣದ ಬಾವುಟಗಳು ಬಂದವು,
ಒಂದರ ಹಿಂದೊಂದು, ಓಣಿಯೊಳಗೇ.
ಐದು ವರ್ಷಕ್ಕೊಮ್ಮೆ ಇವಳ ತೋರುಬೆರಳು ಹಿಡಿದು
ಶಾಯಿ ಹಚ್ಚುವಾಗ ಯಾರೂ ತಕರಾರು ತೆಗೆದಿಲ್ಲ.
ಶಾಯಿಗೆ ಗೆರೆ ಬೇಡ. ಉಗುರಿದ್ದರೆ ಆಯಿತು.

"ಕಣ್ಣಿನ ಮಿಷಿನ್ನು ತಾಲ್ಲೂಕಾಫೀಸಲ್ಲಿದೆ" ಅಂದೆ.
ಆವಿಗೆ ಕೂತು ಕೂತು ಕಣ್ಣಲ್ಲಿ ಪೊರೆ; ಇಬ್ಬರಿಗೂ ಗೊತ್ತು.
"ಫೋನಿಗೆ ನಂಬರು ಬರುತ್ತೆ" ಅಂದೆ.
ಆ ಸಿಮ್ಮು ಅಳಿಯನ ಜತೆ ಭಿವಂಡಿಯಲ್ಲಿದೆ.
ಹಿಂದಿನವರು ಗೊಣಗಿದರು.
ಅವಳು ಮಿಷಿನ್ನಿನ ಬೆನ್ನು ತಟ್ಟಿದಳು,
ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ತಟ್ಟುವ ಹಾಗೆ:
"ಹೋಗ್ಲಿ ಬಿಡಮ್ಮಾ, ಪಾಪ, ಹೊಸದು.
ಮೊದಲ ವರ್ಷ ನಾನೂ ಎಷ್ಟು ಎಳೆ ಕಡಿದಿದ್ದೆ."

ಮಡಿಸಿದ ಚೀಲ ಬಿಚ್ಚಲೇ ಇಲ್ಲ. ಹೊರಟಳು.
ಗಾಜಿನ ಮೇಲೆ ಅವಳ ತಲೆಯೆಣ್ಣೆಯ ಗುರುತು:
ಗೆರೆಯಿಲ್ಲ, ಕೋಲುದುಂಡಗೆ, ಗೂಡಿನ ಹಾಗೆ,
ಒಳಗೆ ಹುಳ ಬದುಕಿದೆಯೋ ಇಲ್ಲವೋ ಹೇಳಲಾಗದ ಹಾಗೆ.
ಅದನ್ನು ಒರೆಸದೆ ಮುಂದಿನ ಬೆರಳು ಓದುವುದಿಲ್ಲ.
ಒರೆಸಿದೆ, ನನ್ನ ಪಾಲಿಯೆಸ್ಟರ್ ಸೆರಗಿನಲ್ಲಿ.
"ಮುಂದೆ ಬನ್ನಿ" ಅಂದೆ.